ಬಿಸಿಲಿನ ಕೆಲಸ ಬಿಸಿಲಿಗೆ

ಕೇಳುಗ ಬಂಧುಗಳೆಲ್ಲರಿಗೂ ನಮಸ್ಕಾರ. ಬೇಸಿಗೆಯಲ್ಲಿ ಮನೆಗೆಲಸ ಮತ್ತು ಅಂಗಳದ ಕೆಲಸವನ್ನು ನಿಭಾಯಿಸುವುದು ಹೇಗೆಂದು ಹದಿನೈದು ನಿಮಿಷ ಮಾತನಾಡಿ ಎಂದು ನಿಲಯದವರು ನನ್ನನ್ನು ಕರೆದಿದ್ದಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಗೃಹವಿಜ್ಞಾನದ ಪಾಠ ಹೇಳಿದವಳು ನಾನು, ಸಲಹೆಗಳಿಗೇನೂ ಬರವಿಲ್ಲ. ಆದರೆ ಹದಿನೈದು ಸಲಹೆ ಕೊಟ್ಟರೆ ನೀವು ಒಂದನ್ನೂ ನೆನಪಿಟ್ಟುಕೊಳ್ಳುವುದಿಲ್ಲ ಎಂಬುದು ಅದೇ ಮೂವತ್ತು ವರ್ಷಗಳಲ್ಲಿ ನಾನು ಕಲಿತ ಪಾಠ. ಆದ್ದರಿಂದ ಇಂದು ಒಂದೇ ಮಾತನ್ನು ಹೇಳುತ್ತೇನೆ, ಮತ್ತೆ ಮತ್ತೆ ಹೇಳುತ್ತೇನೆ, ಬೇಸರಪಡಬೇಡಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗಿನ ಹೊತ್ತು ಬಿಸಿಲಿಗೆ ಸೇರಿದ್ದು, ನಿಮಗೆ ಸೇರಿದ್ದಲ್ಲ. ಆ ಹೊತ್ತಿನಲ್ಲಿ ಅಂಗಳಕ್ಕಾಗಲಿ, ಮಾಳಿಗೆಗಾಗಲಿ, ಒಲೆಯ ಮುಂದಕ್ಕಾಗಲಿ ಕೆಲಸವನ್ನು ಇಟ್ಟುಕೊಳ್ಳಬೇಡಿ.

ಇದು ಉಳ್ಳವರ ಮಾತು, ಕೆಲಸ ಮಾಡುವವರಿಗೆ ಇದೆಲ್ಲ ಆಗುತ್ತದೆಯೇ ಎಂದು ಕೆಲವರು ಈಗಾಗಲೇ ಗೊಣಗುತ್ತಿರಬಹುದು. ಸರ್ಕಾರದ ಕಡೆ ನೋಡಿ. ಬೇಸಿಗೆಯ ಎರಡು ತಿಂಗಳು ನಮ್ಮ ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಫ್ಯಾನಿನ ಕೆಳಗೆ, ನೆರಳಿನಲ್ಲಿ, ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸಕ್ಕೇ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದಾದರೆ, ಬೆಂಕಿಯ ಮುಂದೆ ಕುಳಿತು ಮಾಡುವ ಕೆಲಸಕ್ಕೆ ಯಾವ ವೇಳಾಪಟ್ಟಿಯೂ ಬೇಡವೇ? ಆ ಕಚೇರಿ ಬಿಟ್ಟು ಎರಡು ಗಂಟೆಗೆ ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಬಿಸಿಬಿಸಿ ರೊಟ್ಟಿ ತಟ್ಟೆಗೆ ಬೀಳಬೇಕೆನ್ನುವ ಯಜಮಾನರೂ ಈ ಕಾರ್ಯಕ್ರಮವನ್ನು ಕೇಳುತ್ತಿದ್ದರೆ ಒಳ್ಳೆಯದು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬಿಸಿಲಿನ ಲೆಕ್ಕ. ನಮ್ಮ ಊರಿನಲ್ಲಿ ಮೇ ತಿಂಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12.20ಕ್ಕೆ. ಮೇ ತಿಂಗಳ ಎರಡನೆಯ ವಾರದ ಆಸುಪಾಸಿನಲ್ಲಿ ಆ ಹೊತ್ತಿಗೆ ಅಂಗಳದಲ್ಲಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿದರೆ ಅದರ ನೆರಳು ಅದರ ಬುಡದಲ್ಲಿಯೇ ಅಡಗಿಬಿಡುತ್ತದೆ. ಮಕ್ಕಳಿಗೆ ತೋರಿಸಿ, ಚೆನ್ನಾಗಿರುತ್ತದೆ. ಆದರೆ ಹಗಲಿನ ಅತಿ ಹೆಚ್ಚಿನ ಸೆಕೆ ಆಗ ಇರುವುದಿಲ್ಲ. ನೆಲ, ಗೋಡೆ, ಚಾವಣಿಯ ಕಲ್ಲು ಇವೆಲ್ಲ ಕಾದು, ಆ ಕಾವನ್ನು ಗಾಳಿಗೆ ಬಿಟ್ಟುಕೊಡುವುದು ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ಹೊತ್ತಿಗೆ. ಹೊತ್ತು ಇಳಿಯಿತು, ಇನ್ನು ತಂಪಾಯಿತು ಎಂದುಕೊಂಡು ಮೂರು ಗಂಟೆಗೆ ಪೊರಕೆ ಹಿಡಿಯುವವರು ಮೋಸ ಹೋಗುವುದು ಇಲ್ಲಿಯೇ. ದಿನದ ಅತ್ಯಂತ ತಣ್ಣನೆಯ ಗಳಿಗೆ ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮುಂಚಿನದು. ಸಂಜೆಗಿಂತ ಬೆಳಗು ಮೇಲು ಎಂದು ಹೇಳುವುದಕ್ಕೆ ಇಷ್ಟೇ ಕಾರಣ.

ಇನ್ನು ಮೈಯ ಲೆಕ್ಕ. ಗಾಳಿ ನಮ್ಮ ಚರ್ಮಕ್ಕಿಂತ ಬಿಸಿಯಾದ ಮೇಲೆ, ಎಂದರೆ ಸುಮಾರು 35 ಡಿಗ್ರಿ ದಾಟಿದ ಮೇಲೆ, ಗಾಳಿ ಮೈಯನ್ನು ತಣಿಸುವುದಿಲ್ಲ, ಕಾಯಿಸುತ್ತದೆ. ಆಗ ನಮ್ಮನ್ನು ಕಾಪಾಡುವುದು ಬೆವರು ಒಂದೇ. ನೀರು ತುಂಬಿಟ್ಟ ಮಣ್ಣಿನ ಹರವಿಯನ್ನು ನೆನಪಿಸಿಕೊಳ್ಳಿ: ಹೊರಮೈಯಲ್ಲಿ ಜಿನುಗಿದ ನೀರು ಆರುವಾಗ ಒಳಗಿನ ಕಾವನ್ನು ಹೊತ್ತೊಯ್ಯುತ್ತದೆ, ಆದ್ದರಿಂದಲೇ ಒಳಗಿನ ನೀರು ತಣ್ಣಗಿರುತ್ತದೆ. ಒಂದು ಲೀಟರ್ ಬೆವರು ಮೈಮೇಲೆ ಪೂರ್ತಿಯಾಗಿ ಆರಿದರೆ ಹೊತ್ತೊಯ್ಯುವ ಶಾಖ ಸುಮಾರು 580 ಕಿಲೋ ಕ್ಯಾಲೊರಿ. ನಲ್ಲಿಯ ಎಂಟು ಲೀಟರ್ ನೀರನ್ನು ಕುದಿಬರುವವರೆಗೆ ಕಾಯಿಸಲು ಹೆಚ್ಚುಕಡಿಮೆ ಅಷ್ಟೇ ಶಾಖ ಬೇಕು. ಕರಾವಳಿಯಲ್ಲಿ ಗಾಳಿಗೆ ತೇವವಿರುವುದರಿಂದ ಬೆವರು ಆರದೆ ಹರಿಯುತ್ತದೆ, ಬೆವರಿದ್ದು ಗೊತ್ತಾಗುತ್ತದೆ. ನಮ್ಮ ಒಣಗಾಳಿಯಲ್ಲಿ ಅದು ಬಂದ ಹಾಗೆಯೇ ಆರಿಹೋಗುತ್ತದೆ. ನನಗೆ ಬೆವರೇ ಬರಲಿಲ್ಲ ಎಂದು ಹೆಮ್ಮೆಯಿಂದ ಹೇಳುವ ನಮ್ಮ ಹೆಣ್ಣುಮಕ್ಕಳ ಹರವಿಯಲ್ಲಿ ಅಷ್ಟರಲ್ಲಿ ಅರ್ಧ ನೀರು ಖಾಲಿಯಾಗಿರುತ್ತದೆ.

ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿದ್ದೆ. ಆದರೂ ನನಗೆ ಇದು ತಿಳಿದದ್ದು ಕೌದಿಗಳಿಂದ. ಆ ಕಥೆಯನ್ನು ಹೇಳಲೇಬೇಕು.

ನಾನು ಮದುವೆಯಾಗಿ ಚಿತ್ತಾಪುರ ತಾಲ್ಲೂಕಿನ, ಕಾಗಿಣಾ ದಂಡೆಯ ಒಂದು ಹಳ್ಳಿಗೆ ಹೋದದ್ದು 1981ರಲ್ಲಿ. ಮೊದಲ ಬೇಸಿಗೆ. ವರ್ಷಕ್ಕೊಮ್ಮೆ ಮನೆಯ ಕೌದಿಗಳನ್ನೆಲ್ಲ ಒಗೆದು ಒಣಗಿಸುವ ಕೆಲಸ ಬಂತು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಒತ್ತಾಗಿ ಹೊಲಿದ ಕೌದಿ ನೆನೆದಾಗ ಎಷ್ಟು ಭಾರವೆಂಬುದು ಎತ್ತಿದವರಿಗೆ ಮಾತ್ರ ಗೊತ್ತು. ಒಬ್ಬರಿಂದ ಹಿಂಡಲು ಆಗುವುದಿಲ್ಲ, ಇಬ್ಬರು ಎರಡು ತುದಿ ಹಿಡಿದು ಹುರಿ ಹೊಸೆದಂತೆ ತಿರುವಬೇಕು. ನಮ್ಮ ಅತ್ತೆಯವರು ಹಿಂದಿನ ರಾತ್ರಿಯೇ ಅವನ್ನೆಲ್ಲ ಬಂಡಿಯಲ್ಲಿ ಹೇರಿಸಿದರು, ನಸುಕಿನ ನಾಲ್ಕು ಗಂಟೆಗೆ ನನ್ನನ್ನು ಎಬ್ಬಿಸಿದರು. ಬೆಳದಿಂಗಳಿನಲ್ಲಿ ನದಿಗೆ ಹೋದೆವು. ಬೇಸಿಗೆಯ ಕಾಗಿಣಾ ಎಂದರೆ ಅಲ್ಲೊಂದು ಇಲ್ಲೊಂದು ಮಡು, ನಡುವೆ ಹಾಸುಗಲ್ಲು. ಕೈಗೆ ಬಾವು ಬರುವ ಹಾಗೆ ಬಡಿದು, ತುಳಿದು, ಜಾಲಾಡಿ, ಹಿಂಡಿ, ಹನ್ನೊಂದು ಕೌದಿಗಳನ್ನು ಕಲ್ಲುಗಳ ಮೇಲೆ ಹರವಿದಾಗ ಇನ್ನೂ ಏಳು ಗಂಟೆ ಆಗಿರಲಿಲ್ಲ. ಬೇವಿನ ನೆರಳಿನಲ್ಲಿ ಕುಳಿತು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದೆವು. ಎಂಟೂವರೆಗೆ ಮನೆ ಸೇರಿದೆವು. ಕೌದಿಗಳು ದಿನವಿಡೀ ಅಲ್ಲಿಯೇ ಇದ್ದವು. ಹೊತ್ತು ಮುಳುಗುವಾಗ ಮೈದುನ ಹೋಗಿ ಹೇರಿಕೊಂಡು ಬಂದ. ಹೊಸ ಸೊಸೆಯನ್ನು ನಾಲ್ಕು ಗಂಟೆಗೆ ಎಬ್ಬಿಸುವ ಈ ಪದ್ಧತಿ ಶುದ್ಧ ಅತ್ತೆತನವೆಂದು ನಾನು ತವರಿಗೆ ಪತ್ರ ಬರೆದೆ. ಆ ಪತ್ರ ಇಂದಿಗೂ ನನ್ನ ತಂಗಿಯ ಬಳಿ ಇದೆ, ಬೇಕಾದಾಗಲೆಲ್ಲ ತೆಗೆದು ಓದಿ ನಗುತ್ತಾಳೆ.

ಮುಂದಿನ ವರ್ಷ ನಮ್ಮವರಿಗೆ ಶಹಾಬಾದಿಗೆ ವರ್ಗವಾಯಿತು. ನನ್ನದೇ ಮನೆ, ನನ್ನದೇ ಗಡಿಯಾರ. ಪರಸಿ ಕಲ್ಲಿನ ಚಾವಣಿಯ ಬಾಡಿಗೆ ಮನೆ, ಬೆಳಿಗ್ಗೆ ಹತ್ತೂವರೆಗೆ ನಲ್ಲಿಯಲ್ಲಿ ನೀರು. ಮೇ ತಿಂಗಳ ಒಂದು ದಿನ, ಬಿಸಿಲು ಚೆನ್ನಾಗಿದೆ, ಬೇಗ ಒಣಗುತ್ತವೆ ಎಂದು ಲೆಕ್ಕ ಹಾಕಿ, ಗೃಹವಿಜ್ಞಾನದ ಪದವೀಧರೆಯಾದ ನಾನು ಹನ್ನೊಂದು ಗಂಟೆಗೆ ಮಾಳಿಗೆಯ ಮೇಲೆ ಮೂರು ಕೌದಿಗಳನ್ನು ಒಗೆಯಲು ನಿಂತೆ. ಕೈ ನೀರಿನಲ್ಲಿತ್ತು, ಆದ್ದರಿಂದ ಸೆಕೆ ತಿಳಿಯಲಿಲ್ಲ. ಎರಡನೆಯದನ್ನು ಹಿಂಡುವಾಗ ಅಂಗಾಲು ಚುರುಗುಟ್ಟಿತು, ತಲೆ ನೋಯತೊಡಗಿತು. ಇನ್ನೊಂದೇ ಇದೆಯಲ್ಲ, ಮುಗಿಸಿಬಿಡೋಣ ಎಂದುಕೊಂಡೆ. ಈ ‘ಇನ್ನೊಂದೇ ಇದೆಯಲ್ಲ’ ಎಂಬ ಮಾತಿಗಿಂತ ಅಪಾಯಕಾರಿಯಾದ ಮಾತು ಬೇಸಿಗೆಯ ಮನೆಗೆಲಸದಲ್ಲಿ ಬೇರೆ ಇಲ್ಲ. ಮೂರನೆಯ ಕೌದಿ ಕೈಯಲ್ಲಿದ್ದ ಹಾಗೆಯೇ ಕಣ್ಣು ಕತ್ತಲಿಟ್ಟಿತು. ಪಕ್ಕದ ಮನೆಯ ಅಜ್ಜಿ ನೋಡಿ ಕೂಗಿದರು. ಯಾರೋ ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ತಂದರು. ಅಜ್ಜಿ ಉಳ್ಳಾಗಡ್ಡಿಯನ್ನು ಅತ್ತ ಎಸೆದು, ನನ್ನನ್ನು ನೆರಳಿಗೆ ಎಳೆದು, ತಲೆಯಿಂದ ಕಾಲಿನವರೆಗೆ ಕೊಡಗಟ್ಟಲೆ ನೀರು ಸುರಿದು, ಮೊರದಿಂದ ಗಾಳಿ ಹಾಕಿದರು. ಆ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಮಾಡಿದ್ದು ಮಾತ್ರ ವೈದ್ಯಶಾಸ್ತ್ರ ಹೇಳುವ ಕೆಲಸವನ್ನೇ.

ಸುದ್ದಿ ತಿಳಿದು ಅತ್ತೆಯವರು ಮಾರನೆಯ ದಿನ ಬಂದರು. ಬೈಯಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು, “ಎಷ್ಟೊತ್ತಿಗಿ ಒಗಿಲಾಕ ನಿಂತಿದ್ದಿ?” ಎಂದು ಕೇಳಿದರು. ಹನ್ನೊಂದಕ್ಕೆ ಎಂದೆ. “ಒಗಿಯೂದು ನಿನ್ನ ಕೆಲಸ, ಒಣಗಸೂದು ಬಿಸಿಲಿನ ಕೆಲಸ. ಇಬ್ಬರೂ ಒಂದ ಹೊತ್ತಿಗಿ ಕೆಲಸಕ್ಕ ನಿಂತ್ರ ಸೋಲೂದು ಯಾರು?” ಎಂದರು. ನಸುಕಿನಲ್ಲಿ ಎಬ್ಬಿಸಿದ್ದು ಏಕೆಂದು ನನಗೆ ಅಂದು ತಿಳಿಯಿತು. ಮುಂದೆ ನಾನು ಮೂವತ್ತು ವರ್ಷ ಹೇಳಿದ ಪಾಠವೂ ಅಷ್ಟೇ.

ಕಥೆ ಉದ್ದವಾಯಿತು, ಎದುರಿಗೆ ಗಡಿಯಾರ ಕಾಣುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿ ಇವೆಲ್ಲವೂ ಕೌದಿಯ ಜಾತಿಗೆ ಸೇರಿದವು. ಸಂಡಿಗೆಯ ಹಿಟ್ಟನ್ನು ನಸುಕಿನಲ್ಲಿ ಕಾಯಿಸಿ, ಬಿಸಿಲೇರುವ ಮುಂಚೆ ಇಟ್ಟು ಮುಗಿಸಿ, ಮೇಲೆ ತೆಳುವಾದ ಹಳೆಯ ಧೋತರ ಹೊದಿಸಿ, ಅಂಚಿಗೆ ಕಲ್ಲು ಹೇರಿ ಇಳಿದು ಬನ್ನಿ. ಸಂಜೆ ಹೋಗಿ ತೆಗೆಯಿರಿ. ನಡುಮಧ್ಯಾಹ್ನ ತಿರುವಿ ಹಾಕದಿದ್ದರೆ ಅವು ಒಣಗುವುದಿಲ್ಲ ಎಂಬುದು ಸುಳ್ಳು. ಕಾಗೆ ಓಡಿಸಲೆಂದು ಮಕ್ಕಳನ್ನು ಮಾಳಿಗೆಯ ಮೇಲೆ ಕೂರಿಸುವುದನ್ನಂತೂ ದಯವಿಟ್ಟು ನಿಲ್ಲಿಸಿ. ದಿನದ ಬಟ್ಟೆಗೆ ಬಿಸಿಲೇ ಬೇಕಿಲ್ಲ. ರಾತ್ರಿ ಒಗೆದು ಹಗ್ಗಕ್ಕೆ ಹಾಕಿದರೆ ನಮ್ಮ ಒಣಗಾಳಿಗೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ, ಬಣ್ಣವೂ ಉಳಿಯುತ್ತದೆ. ನಲ್ಲಿ ನೀರು ಮಧ್ಯಾಹ್ನವೇ ಬರುತ್ತದಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ನೀರನ್ನು ಮಧ್ಯಾಹ್ನ ತುಂಬಿಸಿ, ಕೆಲಸವನ್ನು ರಾತ್ರಿ ಮಾಡಿ.

ಈಗ ಅಡುಗೆಮನೆ. ಜೋಳದ ರೊಟ್ಟಿ ಬಡಿಯುವವಳು ಒಲೆಯನ್ನು ಬಿಟ್ಟು ಏಳುವಂತಿಲ್ಲ. ಹಿಟ್ಟು ನಾದುವುದು, ತಟ್ಟುವುದು, ಹೆಂಚಿಗೆ ಹಾಕಿ ನೀರು ಸವರುವುದು, ಬೇಯಿಸುವುದು, ಎಲ್ಲವೂ ಬೆಂಕಿಗೆ ಮುಖವೊಡ್ಡಿಯೇ. ಹೊರಗೆ 42 ಡಿಗ್ರಿ ಇರುವಾಗ ಒಳಗೆ ಇನ್ನೊಂದು ಸೂರ್ಯನನ್ನು ಹಚ್ಚಿಟ್ಟುಕೊಂಡಂತೆ. ಆದ್ದರಿಂದ ಯಜಮಾನರೇ, ಈ ಎರಡು ತಿಂಗಳು ಮಧ್ಯಾಹ್ನಕ್ಕೆ ಬೆಳಗಿನ ರೊಟ್ಟಿ, ಇಲ್ಲವೇ ಖಡಕ್ ರೊಟ್ಟಿ. ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಅದನ್ನು ಕಂಡುಹಿಡಿದವರು ಬಿಸಿಲನ್ನು ಬಲ್ಲವರು. ಜೋಳದ ನುಚ್ಚಿಗೆ ಉಪ್ಪು ಹಾಕಿದ ಮಜ್ಜಿಗೆ, ಜೊತೆಗೆ ಒಂದು ಹಸಿ ಉಳ್ಳಾಗಡ್ಡಿ ಸಾಕು. ಉಳ್ಳಾಗಡ್ಡಿಯ ಜಾಗ ತಟ್ಟೆ, ಮೂಗಲ್ಲ. ಬೆಳಿಗ್ಗೆ ಮಾಡಿದ ಸಾರು, ಅನ್ನವನ್ನು ಮಾತ್ರ ರಾತ್ರಿಗೆ ಉಳಿಸಬೇಡಿ, ಈ ಸೆಕೆಗೆ ಹಳಸುತ್ತದೆ.

ಅಂಗಳ ಮತ್ತು ಹಿತ್ತಲು. ಉದುರಿದ ಬೇವಿನ ಎಲೆಯನ್ನು ಗುಡಿಸಿ ಸುಡುವುದು ದುಪ್ಪಟ್ಟು ದಂಡ. ಬಿಸಿಲಿಗೆ ಬೆಂಕಿ ಸೇರಿಸಿದಂತೆಯೂ ಆಯಿತು, ಒಳ್ಳೆಯ ಹೊದಿಕೆ ಬೂದಿಯೂ ಆಯಿತು. ಅದನ್ನು ಕರಿಬೇವು, ಮಲ್ಲಿಗೆ, ನಿಂಬೆಯ ಬುಡಕ್ಕೆ ಒಂದು ಗೇಣು ಹರವಿದರೆ ಮಣ್ಣಿನ ತೇವ ಉಳಿಯುತ್ತದೆ, ದಿನವೂ ಕೊಡ ಹೊರುವುದು ತಪ್ಪುತ್ತದೆ. ನೀರು ಹಾಕುವುದು ಸೂರ್ಯ ಹುಟ್ಟುವ ಮುಂಚೆ. ಸಂಜೆ ಅಂಗಳಕ್ಕೆ ನೀರು ಚಿಮುಕಿಸುವವರು ಹೊತ್ತು ಮುಳುಗಲು ಬಿಡಿ. ಐದು ಗಂಟೆಗೆ ಪರಸಿ ಕಲ್ಲಿನ ಮೇಲೆ ನೀರು ಹಾಕಿದರೆ ತಂಪು ಬರುವುದಿಲ್ಲ, ಹಬೆ ಏಳುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಮನೆಗೆಲಸಕ್ಕೆ ಬೇರೊಬ್ಬರನ್ನು ಇಟ್ಟುಕೊಂಡವರು ಇದನ್ನೆಲ್ಲ ಕೇಳಿ, ತಾವು ಮಧ್ಯಾಹ್ನ ಒಳಗೆ ಮಲಗಿ, ಮಾಳಿಗೆ ತೊಳೆಯುವ ಕೆಲಸವನ್ನು ಆಕೆಗೆ ಹನ್ನೆರಡು ಗಂಟೆಗೆ ಹಚ್ಚಿದರೆ ನಾನು ಇಲ್ಲಿಯವರೆಗೆ ಬಂದದ್ದು ವ್ಯರ್ಥ. ನಾಲ್ಕು ಮನೆಯ ಕೆಲಸ ಮುಗಿಸಿ, ಬರಿಗಾಲಿನಲ್ಲಿ ನಡೆದು ನಿಮ್ಮ ಮನೆಗೆ ಬರುವ ಆಕೆಯ ಹೊತ್ತನ್ನು ಬೆಳಗಿಗೆ ಬದಲಿಸಿ; ಅದು ಆಗದಿದ್ದರೆ ಎರಡು ತಿಂಗಳು ಮಾಳಿಗೆ ಧೂಳಾಗಿಯೇ ಇರಲಿ. ಸಂಬಳ ಕಡಿಯಬೇಡಿ.

ಯಾರಾದರೂ ಬಿಸಿಲಿಗೆ ಬಿದ್ದು, ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತೊದಲಿದರೆ ಅಥವಾ ಅಸಂಬದ್ಧ ಮಾತು ಬಂದರೆ, 108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಕೈಕಟ್ಟಿ ನಿಲ್ಲದೆ ಶಹಾಬಾದಿನ ಅಜ್ಜಿ ಮಾಡಿದ್ದನ್ನು ಮಾಡಿ: ನೆರಳು, ಮೈತುಂಬ ನೀರು, ಗಾಳಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಟ್ಯಾಂಕು ತೊಳೆಯುವ ವಿಷಯವನ್ನೂ ಹೇಳಬೇಕೆಂದಿದ್ದೆ, ಆದರೆ ಗಾಜಿನಾಚೆಯಿಂದ ನಿಲಯದವರು ಕೈ ತೋರಿಸುತ್ತಿದ್ದಾರೆ. ಅದನ್ನೂ ಯಾವ ಹೊತ್ತಿಗೆ ತೊಳೆಯಬೇಕೆಂದು ನಿಮಗೆ ಈಗ ಗೊತ್ತಿದೆ. ನಮ್ಮ ಮನೆಯಲ್ಲಿ ಎರಡು ಕೌದಿಗಳು ಒಗೆಯುವುದಕ್ಕಿವೆ. ಇಂದು ರಾತ್ರಿ ನೆನೆಹಾಕುತ್ತೇನೆ, ನಾಳೆ ನಸುಕಿನಲ್ಲಿ ಹಿಂಡಲು ಇನ್ನೊಂದು ತುದಿಯನ್ನು ನಮ್ಮ ಯಜಮಾನರು ಹಿಡಿಯಲಿದ್ದಾರೆ. ಅವರಿಗೆ ಈ ವಿಷಯವನ್ನು ಇನ್ನೂ ಹೇಳಿಲ್ಲ. ರೇಡಿಯೋ ಹಚ್ಚಿದ್ದರೆ ಈಗ ತಿಳಿದಿರುತ್ತದೆ. ನಮಸ್ಕಾರ.