ಎಕ್ಸ್‌ರೇ ಬಿಟ್ಟು ಎಂಆರ್‌ಐಗೆ ಬಂದ ಕಥೆ | ಹಿರಿಯೂರಿಂದ ಬೆಂಗಳೂರಿಗೆ

ನಮಸ್ಕಾರ, ಎಲ್ಲರೂ ಆರಾಮಾಗಿದ್ದೀರಾ? ಅಮ್ಮ ಬ್ಯಾಗಿಗೆ ಏನೇನು ತುಂಬಿದರು ಅಂತ ಈಗಷ್ಟೇ ನೋಡಿದಿರಿ. ಆ ದೊಡ್ಡ ಡಬ್ಬಿಯಲ್ಲಿ ಇರೋದು ಶೇಂಗಾ ಚಟ್ನಿಪುಡಿ. ಒಂದು ತಿಂಗಳಿಗೆ ಸಾಕು. ಬಸ್ಸಲ್ಲಿ ಕಿಟಕಿ ಸೀಟೂ ಸಿಕ್ಕಿತು.

ಹೋದ ವಿಡಿಯೋ ಆದಮೇಲೆ ತುಂಬಾ ಜನ ಒಂದೇ ಮಾತು ಕೇಳಿದ್ದೀರಿ. "ಅಕ್ಕಾ, ನಾನೂ ಎಕ್ಸ್‌ರೇ ಟೆಕ್ನಿಷಿಯನ್. ಎಂಆರ್‌ಐಗೆ ಹೇಗೆ ಹೋಗೋದು?" ಆಸ್ಪತ್ರೆ ಒಳಗೆ ನಾನು ಕ್ಯಾಮೆರಾ ತೆಗೆಯಲ್ಲ. ಪೇಷಂಟ್‌ಗಳು ಇರುವ ಜಾಗ ಅದು. ಅದಕ್ಕೆ ದಾರಿಯಲ್ಲೇ ಹೇಳಿಬಿಡುತ್ತೇನೆ.

ನಾನು ಓದಿದ್ದು ಮೆಡಿಕಲ್ ಇಮೇಜಿಂಗ್ ಡಿಪ್ಲೊಮಾ. ಐದು ವರ್ಷ ಎಕ್ಸ್‌ರೇ, ಎರಡು ವರ್ಷ ಸಿಟಿ ಸ್ಕ್ಯಾನ್ ಕೆಲಸ ಮಾಡಿದೆ. ಎಂಆರ್‌ಐ ನಮ್ಮ ಸಿಲಬಸ್‌ನಲ್ಲಿ ಇತ್ತು, ಪರೀಕ್ಷೆಯಲ್ಲಿ ಬರೆದೆವು ಕೂಡ. ಆದರೆ ನಾವು ಕಲಿತ ಆಸ್ಪತ್ರೆಯಲ್ಲಿ ಆ ಮಷೀನ್ ಇರಲಿಲ್ಲ.

ಆಗ ಬೆಂಗಳೂರಿನ ಒಂದು ಕಡೆ ಮೂರು ತಿಂಗಳ ಎಂಆರ್‌ಐ ಕೋರ್ಸ್ ಇದೆ ಅಂತ ಗೊತ್ತಾಯಿತು. ಹೆಸರು ಬೇಡ. ಫೀಸು 45 ಸಾವಿರ. ಅಪ್ಪ ಆ ವರ್ಷದ ಶೇಂಗಾ ಮಾರಿ ಬಂದ ದುಡ್ಡು ಕೊಟ್ಟರು. ಪ್ರತಿ ಶನಿವಾರ ಡ್ಯೂಟಿ ಮುಗಿಸಿ ರಾತ್ರಿ ಬಸ್ ಹತ್ತುತ್ತಿದ್ದೆ. ಭಾನುವಾರ ಕ್ಲಾಸ್, ಸೋಮವಾರ ಬೆಳಿಗ್ಗೆ ಮತ್ತೆ ಡ್ಯೂಟಿ. ಬಸ್ ಚಾರ್ಜು, ಊಟ ಎಲ್ಲಾ ಬೇರೆ. ಮಷೀನ್ ಮೇಲೆ ಕೂರಿಸಿ ಕಲಿಸುತ್ತೇವೆ ಅಂತ ಪಾಂಪ್ಲೆಟ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಮೂರು ತಿಂಗಳಲ್ಲಿ ಸ್ಕ್ಯಾನ್ ಸೆಂಟರ್‌ಗೆ ಕರೆದುಕೊಂಡು ಹೋಗಿದ್ದು ಎರಡೇ ಸಲ. ಹನ್ನೆರಡು ಜನ ಗಾಜಿನ ಹಿಂದೆ ನಿಂತು ನೋಡಿದೆವು. ಮೌಸ್ ಮುಟ್ಟೋಕೂ ಬಿಡಲಿಲ್ಲ. ಕೇಳಿದರೆ, "ಪೇಷಂಟ್ ಜಾಸ್ತಿ ಇದಾರೆ, ಮುಂದಿನ ವಾರ ನೋಡೋಣ." ಆ ಮುಂದಿನ ವಾರ ಬರಲೇ ಇಲ್ಲ. ಕೊನೆಗೆ ಸರ್ಟಿಫಿಕೇಟ್ ಮಾತ್ರ ಕೊಟ್ಟರು. ಅದಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದೆ.

ಅದನ್ನೇ ಹಿಡಿದುಕೊಂಡು ಇಂಟರ್‌ವ್ಯೂಗೆ ಹೋದೆ. ಅಲ್ಲಿನ ಸೀನಿಯರ್ ಸರ್ಟಿಫಿಕೇಟ್ ಬದಿಗಿಟ್ಟು ಕುರ್ಚಿ ತೋರಿಸಿದರು. "ಕೂತ್ಕೊಳ್ಳಮ್ಮ. ಎಲ್4-ಎಲ್5 ಡಿಸ್ಕಿಗೆ ಆಕ್ಸಿಯಲ್ ಪ್ಲ್ಯಾನ್ ಮಾಡು." ಅಂದರೆ ಸೊಂಟದ ಎರಡು ಮೂಳೆಗಳ ನಡುವಿನ ಡಿಸ್ಕಿನ ಅಡ್ಡ ಚಿತ್ರ ಎಲ್ಲೆಲ್ಲಿ ತೆಗೆಯಬೇಕು ಅಂತ ಸ್ಕ್ರೀನ್ ಮೇಲೆ ಗೆರೆ ಎಳೆಯೋದು. ಆ ಗೆರೆಗಳು ಡಿಸ್ಕ್ ಎಷ್ಟು ವಾಲಿದೆಯೋ ಅಷ್ಟೇ ವಾಲಬೇಕು. ನಾನು ಸಿಟಿ ಅಭ್ಯಾಸದಲ್ಲಿ ನೆಟ್ಟಗೆ ಎಳೆದೆ. ಸಿಟಿಯಲ್ಲಿ ಒಂದು ಸಲ ಸ್ಕ್ಯಾನ್ ಮಾಡಿದರೆ ಆಮೇಲೆ ಯಾವ ಕೋನಕ್ಕೆ ಬೇಕಾದರೂ ತಿರುಗಿಸಿಕೊಳ್ಳಬಹುದು. ಎಂಆರ್‌ಐಯಲ್ಲಿ ಹೆಚ್ಚಿನ ಸೀಕ್ವೆನ್ಸ್‌ಗಳಲ್ಲಿ, ಅಂದರೆ ಒಂದೊಂದು ಸುತ್ತಿನ ಸ್ಕ್ಯಾನ್‌ನಲ್ಲಿ, ಪ್ಲ್ಯಾನ್ ತಪ್ಪಿದರೆ ಮತ್ತೆ ಅಷ್ಟು ನಿಮಿಷ ಪೇಷಂಟ್ ಅಲ್ಲಾಡದೆ ಮಲಗಬೇಕು. ಅವರು ಬೈಯಲಿಲ್ಲ. "ಆರು ತಿಂಗಳು ಟ್ರೈನಿ ಆಗಿ ಬಾ, ಕಲಿಸ್ತೀನಿ" ಅಂದರು. ಸಿಟಿಯಲ್ಲಿ ಕೈಗೆ 22 ಸಾವಿರ ಬರುತ್ತಿತ್ತು. ಇಲ್ಲಿ 12 ಸಾವಿರ. ಅವತ್ತು ಇದೇ ರೂಟಿನ ಬಸ್ಸಲ್ಲಿ ಅತ್ತುಕೊಂಡು ಊರಿಗೆ ಹೋದೆ. ಅಪ್ಪನ ದುಡ್ಡು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಅಂಥ ಕೋರ್ಸ್ ಎಲ್ಲಾ ದಂಡ. ಇಲ್ಲ, ಹಾಗೂ ಅನ್ನಬಾರದು. ಅಲ್ಲಿ ಒಬ್ಬರು ಮೇಷ್ಟ್ರು ಎಂಆರ್‌ಐ ಚಿತ್ರದ ಎರಡು ಮುಖ್ಯ ಬಗೆಗಳಾದ ಟಿ1, ಟಿ2 ಅಂದರೆ ಏನು ಅಂತ ಎಷ್ಟು ಚೆನ್ನಾಗಿ ಹೇಳಿಕೊಟ್ಟರು ಅಂದರೆ, ಇವತ್ತಿಗೂ ಅದೇ ನನ್ನ ಕೈಹಿಡಿಯುತ್ತದೆ. ಪಾಠಕ್ಕೆ ಬೆಲೆ ಇದೆ. ಮಷೀನ್ ಕೊಡದೆ ಮಷೀನ್ ಕಲಿಸಿದೆವು ಅನ್ನೋದು ತಪ್ಪು.

ಅಮೆರಿಕದಲ್ಲಿ ಎಕ್ಸ್‌ರೇಯವರು ಎಂಆರ್‌ಐಗೆ ಹೋಗಬೇಕಾದರೆ ಎಆರ್‌ಆರ್‌ಟಿ ಅನ್ನುವ ಸಂಸ್ಥೆಯ ಪರೀಕ್ಷೆ ಬರೆಯುತ್ತಾರೆ. ಅದಕ್ಕೆ ಬೇಕಾದ ಪಾಠ 16 ಗಂಟೆ ಅಷ್ಟೇ. ಆದರೆ ಸ್ವಂತ ಕೈಯಿಂದ ಕೇಸ್ ಮಾಡಿ, ಒಂದೊಂದನ್ನೂ ದಾಖಲೆ ಮಾಡಿರಬೇಕು. ತೂಕ ಇರೋದು ಅಲ್ಲಿ.

ಶಿರಾ ದಾಟಿತು. ಮಳೆ ಬರುವ ಹಾಗಿದೆ. ನಮ್ಮೂರ ಹತ್ತಿರದ ವಾಣಿವಿಲಾಸ ಸಾಗರ ಡ್ಯಾಮ್ 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ. ಅಜ್ಜಿಗೆ ಅದನ್ನು ತೋರಿಸೋಕೆ ರಜೆ ಹಾಕಿ ಬಂದಿದ್ದೆ. ಅಷ್ಟು ನೀರು ಅವರ ಜೀವನದಲ್ಲೇ ನೋಡಿರಲಿಲ್ಲ. ಸರಿ, ವಿಷಯಕ್ಕೆ ಬರುತ್ತೇನೆ.

ಟ್ರೈನಿ ಆದ ಮೊದಲ ತಿಂಗಳು ನನ್ನ ಕೆಲಸ ಬಾಗಿಲ ಹತ್ತಿರ. ಪೇಷಂಟ್ ಮೈಮೇಲೆ ಕಬ್ಬಿಣ ಇದೆಯಾ ಅಂತ ಕೇಳೋದು. ಏಳು ವರ್ಷದ ಅನುಭವ ಇರುವವಳನ್ನು ಬಾಗಿಲು ಕಾಯೋಕೆ ನಿಲ್ಲಿಸಿದರಲ್ಲ ಅಂತ ಬೇಜಾರಾಗಿತ್ತು. ಈಗ ಕೇಳಿದರೆ, ನನಗೆ ಸಿಕ್ಕ ಒಳ್ಳೆಯ ಟ್ರೇನಿಂಗ್ ಅದೇ. ಎಕ್ಸ್‌ರೇ ಮಷೀನ್ ಬಟನ್ ಬಿಟ್ಟ ತಕ್ಷಣ ಅಪಾಯ ಮುಗಿಯಿತು. ಎಂಆರ್‌ಐ ಮ್ಯಾಗ್ನೆಟ್ ಹಾಗಲ್ಲ. ಸ್ಕ್ಯಾನ್ ಇಲ್ಲದಿದ್ದರೂ, ರಾತ್ರಿ ಬಾಗಿಲು ಹಾಕಿದ್ದರೂ ಅದು ಎಳೆಯುತ್ತಲೇ ಇರುತ್ತದೆ. ನಮ್ಮದು 1.5 ಟೆಸ್ಲಾ. ಟೆಸ್ಲಾ ಅಂದರೆ ಮ್ಯಾಗ್ನೆಟ್ ಶಕ್ತಿಯ ಅಳತೆ. ಭೂಮಿಯ ಕಾಂತಶಕ್ತಿಯ ಸುಮಾರು 30 ಸಾವಿರ ಪಟ್ಟು. 2018ರಲ್ಲಿ ಮುಂಬೈಯಲ್ಲಿ ಪೇಷಂಟ್ ಕಡೆಯವರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ರೂಮಿಗೆ ಹೋಗಿ ಜೀವ ಕಳೆದುಕೊಂಡರು.

"ಅಮ್ಮಾ, ಪಿನ್ ಏನಾದ್ರೂ ಇದೆಯಾ?" ಅಂದರೆ ಎಲ್ಲರೂ ಇಲ್ಲ ಅಂತಾರೆ. ಸೆರಗಿನ ಒಳಗೆ ಎರಡು, ರವಿಕೆಗೆ ಒಂದು, ಬಳೆಗೆ ಸಿಕ್ಕಿಸಿದ್ದು ಒಂದು. ಗಂಡಸರ ಉಡಿದಾರದಲ್ಲಿ ತಾಯಿತ, ಬೀಗದ ಕೈ. ತಾಳಿ ತೆಗೆಯಿರಿ ಅನ್ನೋದು ಎಲ್ಲಕ್ಕಿಂತ ಕಷ್ಟ. ಹಿಂದೆ ಒಂದು ಅಜ್ಜಿ ಒಪ್ಪಲೇ ಇಲ್ಲ. ಆಗ ನಮ್ಮ ಆಯಾ ಒಬ್ಬರು ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಅವರ ಕೊರಳಿಗೆ ಹಾಕಿದರು. ಅಜ್ಜಿ ತಕ್ಷಣ ತಾಳಿ ಬಿಚ್ಚಿ ಮಗಳ ಕೈಗೆ ಕೊಟ್ಟು ಮಲಗಿದರು. ಯಾವ ಕೋರ್ಸಲ್ಲಿ ಇದನ್ನು ಹೇಳಿಕೊಡುತ್ತಾರೆ ಹೇಳಿ? ಈಗ ನನ್ನ ಡ್ರಾಯರ್‌ನಲ್ಲಿ ಅರಿಶಿನದ ಕೊಂಬು ಯಾವಾಗಲೂ ಇರುತ್ತದೆ.

ಅಯ್ಯೋ, ನೆಲಮಂಗಲ ಬಂದೇಬಿಟ್ಟಿತು. ಉಳಿದಿದ್ದನ್ನು ಬೇಗ ಹೇಳುತ್ತೇನೆ.

ಅಲ್ಟ್ರಾಸೌಂಡ್‌ಗೆ ಹೋಗಬಹುದಾ ಅಂತ ಕೇಳಿದವರಿಗೆ: ನಮ್ಮ ದೇಶದಲ್ಲಿ ಟೆಕ್ನಿಷಿಯನ್‌ಗಳಿಗೆ ಆ ದಾರಿ ಇಲ್ಲ. ಭ್ರೂಣಲಿಂಗ ಪತ್ತೆ ತಡೆಯೋಕೆ ಬಂದ 1994ರ ಕಾಯ್ದೆ ಇದೆ. ಸ್ಕ್ಯಾನ್ ಮಾಡಬೇಕಾದವರು ಅದಕ್ಕೆ ಅರ್ಹತೆ ಇರುವ ಡಾಕ್ಟರೇ. ಸೋನೋಗ್ರಫಿ, ಅಂದರೆ ಇದೇ ಅಲ್ಟ್ರಾಸೌಂಡ್, ಕಲಿಸಿ ಇಲ್ಲೇ ಕೆಲಸ ಕೊಡಿಸುತ್ತೇವೆ ಅನ್ನುವವರಿಗೆ ದಯವಿಟ್ಟು ದುಡ್ಡು ಕಟ್ಟಬೇಡಿ.

ನ್ಯೂಕ್ಲಿಯರ್ ಮೆಡಿಸಿನ್ ಬೇರೆಯೇ ಓದು. ಅಲ್ಲಿ ವಿಕಿರಣ ಸೂಸುವ ಔಷಧಿ ಕೊಟ್ಟ ಮೇಲೆ ಕಿರಣ ಬರೋದು ಪೇಷಂಟ್ ಮೈಯಿಂದ. ಅದಕ್ಕೇ ಬಿಎಸ್ಸಿ ಇದೆ, ಮಣಿಪಾಲದಲ್ಲೂ ಇದೆ. ಮುಂಬೈಯ ರೇಡಿಯೇಷನ್ ಮೆಡಿಸಿನ್ ಸೆಂಟರ್‌ನಲ್ಲಿ ಕಲಿಯೋಕೂ ಮೊದಲು ಬಿಎಸ್ಸಿ ಆಗಿರಬೇಕು. ನಮ್ಮ ಡಿಪ್ಲೊಮಾ ಹಿಡಿದು ನೇರ ಹೋಗೋಕಾಗಲ್ಲ.

ಡಿಗ್ರಿ ಬೇಕು ಅನ್ನುವವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಲ್ಯಾಟರಲ್ ಎಂಟ್ರಿ ಇದೆ, ಅಂದರೆ ನೇರ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾದಲ್ಲಿ ಓದಿದ ವಿಷಯಕ್ಕೆ ಮಾತ್ರ. ಇಮೇಜಿಂಗ್ ಓದಿ, ಕ್ಯಾನ್ಸರ್‌ಗೆ ಕಿರಣದ ಚಿಕಿತ್ಸೆ ಕೊಡುವ ರೇಡಿಯೋಥೆರಪಿಗೆ ಹಾಗೆ ಹಾರೋಕಾಗಲ್ಲ. ಮುಂದಿನ ವರ್ಷ ನಾನೂ ಅರ್ಜಿ ಹಾಕುತ್ತೇನೆ.

ಗೊರಗುಂಟೆಪಾಳ್ಯ ಬಂತು, ಇಳಿಯಬೇಕು. ಎಲ್ಲೇ ಸೇರಿ, ಫೀಸು ಕಟ್ಟುವ ಮುಂಚೆ ಒಂದು ಕೇಳಿ: ಕನ್ಸೋಲ್‌ನಲ್ಲಿ, ಅಂದರೆ ಮಷೀನ್ ನಡೆಸುವ ಕಂಪ್ಯೂಟರ್‌ನಲ್ಲಿ, ನನ್ನ ಕೈಯಿಂದ ಎಷ್ಟು ಕೇಸ್ ಮಾಡಿಸ್ತೀರಿ? ಬರೆದು ಕೊಡಿ ಅನ್ನಿ. ಅಣ್ಣಾ, ಆ ನೀಲಿ ಬ್ಯಾಗ್ ನಂದು, ಸ್ವಲ್ಪ ಇಳಿಸಿಕೊಡ್ತೀರಾ?