ಹದಿಮೂರಕ್ಕೆ ಹದಿಮೂರೂ ಗೆದ್ದು ಹೊರಗುಳಿದ ತಂಡ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಎಂದರೆ ಚೆಂಡು ಹೆಚ್ಚು ಹೊತ್ತು ಕೈಯಲ್ಲೇ ಇರುವ ಆಟ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಕಂಬಗಳ ನಡುವೆ ಒದ್ದರೆ ಮೂರು. ಚೆಂಡನ್ನು ಯಾರಿಗೆ ಎಸೆಯಬೇಕೆಂದು ಕಣ್ಣುಮುಚ್ಚಿ ತೆರೆಯುವುದರೊಳಗೆ ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಅವನು ಬಿದ್ದರೆ ಏನಾಗುತ್ತದೆ? 2023ರ ಫ್ಲೋರಿಡಾ ಸ್ಟೇಟ್ ತಂಡವನ್ನೇ ನೋಡಿ.

ಈ ತಂಡ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ಗೆ ಸೇರಿದ್ದು. ಕಾನ್ಫರೆನ್ಸ್ ಎಂದರೆ ತಮ್ಮೊಳಗೇ ಪ್ರಶಸ್ತಿಗಾಗಿ ಆಡುವ ಕಾಲೇಜು ತಂಡಗಳ ಕೂಟ. ಆಗ ಅದರಲ್ಲಿ 14 ತಂಡಗಳು; ತಲಾ ಎಂಟು ಕಾನ್ಫರೆನ್ಸ್ ಪಂದ್ಯ. ಎರಡು ವಿಭಾಗಗಳ ಹಳೆಯ ಪದ್ಧತಿ ಆ ವರ್ಷವೇ ಹೋಯಿತು. ಪಟ್ಟಿಯ ಮೊದಲಿಬ್ಬರೇ ಷಾರ್ಲೆಟ್ ನಗರದ ಫೈನಲ್‌ಗೆ.

ಸೆಪ್ಟೆಂಬರ್ 23ರಂದು ಕ್ಲೆಮ್ಸನ್ ಅಂಗಳದಲ್ಲಿ ನಿಜವಾದ ಪರೀಕ್ಷೆ. ಕ್ಲೆಮ್ಸನ್ ಮುಂದಿತ್ತು. ಫ್ಲೋರಿಡಾ ಸ್ಟೇಟ್‌ನ ಕೇಲನ್ ಡಿಲೋಚ್ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಜಾರಿದ ಚೆಂಡನ್ನು ಎತ್ತಿಕೊಂಡು 56 ಗಜ ಓಡಿದ, ಅಂಕ 24–24. ಕೊನೆಯಲ್ಲಿ ಕ್ಲೆಮ್ಸನ್‌ನವರು 29 ಗಜದ ಸುಲಭದ ಒದೆತದಲ್ಲಿ ಗುರಿ ತಪ್ಪಿದರು. ಹೆಚ್ಚುವರಿ ಆಟದಲ್ಲಿ ಎರಡೂ ತಂಡಕ್ಕೆ 25 ಗಜದ ಗೆರೆಯಿಂದ ಒಂದೊಂದು ಸರದಿ. ಫ್ಲೋರಿಡಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಎಸೆದ ಚೆಂಡನ್ನು ಕಿಯಾನ್ ಕೋಲ್ಮನ್ ಹಿಡಿದ, 31–24.

ನವೆಂಬರ್ 18ರಂದು ನಾರ್ತ್ ಅಲಬಾಮಾ ಎಂಬ ಸಣ್ಣ ತಂಡದ ಎದುರು, ಕಾನ್ಫರೆನ್ಸ್‌ಗೆ ಲೆಕ್ಕವೇ ಇಲ್ಲದ ಪಂದ್ಯದಲ್ಲಿ, ಟ್ರಾವಿಸ್‌ನ ಕಾಲಿಗೆ ದೊಡ್ಡ ಪೆಟ್ಟಾಯಿತು. ಮರುವಾರ ಅವನ ಬದಲು ಆಡಿದ ಟೇಟ್ ರೋಡ್‌ಮೇಕರ್‌ನ ತಲೆಗೆ ಪೆಟ್ಟು. ಫೈನಲ್‌ನಲ್ಲಿ ಚೆಂಡು ಬಂದದ್ದು ಮೂರನೆಯವನಾದ, ಮೊದಲ ವರ್ಷದ ಬ್ರಾಕ್ ಗ್ಲೆನ್‌ನ ಕೈಗೆ. ಅವನ 21 ಎಸೆತಗಳಲ್ಲಿ ಗುರಿ ಮುಟ್ಟಿದ್ದು ಎಂಟು. ದಕ್ಕಿದ್ದು 55 ಗಜ. ಎಸೆತದ ಭಯವಿಲ್ಲವೆಂದಾದರೆ ಎದುರಾಳಿ ಓಟ ತಡೆಯಲು ಜನರನ್ನು ಮುಂದಕ್ಕೆ ತಂದು ಗುಂಪುಗೂಡಿಸುತ್ತಾನೆ. ಆದರೂ ಲಾರೆನ್ಸ್ ಟೋಫಿಲಿ ಓಡಿಯೇ ನೂರು ಗಜ ದಾಟಿದ, ರಕ್ಷಣಾ ಪಡೆ ಎದುರಾಳಿ ಲೂಯಿವಿಲ್‌ಗೆ ಒಂದು ಟಚ್‌ಡೌನನ್ನೂ ಬಿಡಲಿಲ್ಲ. 16–6. ಕಾನ್ಫರೆನ್ಸ್ ಕಿರೀಟ ಕೈಗೆ ಬಂತು.

ಮರುದಿನ 13 ಮಂದಿಯ ಸಮಿತಿ ರಾಷ್ಟ್ರೀಯ ಪ್ಲೇಆಫ್‌ಗೆ, ಅಂದರೆ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತಿಗೆ, ನಾಲ್ವರನ್ನು ಆರಿಸಿತು: ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ. ಫ್ಲೋರಿಡಾ ಸ್ಟೇಟ್ ಐದನೆಯದು. ಮುಖ್ಯ ಆಟಗಾರ ಇಲ್ಲದಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ನಿಯಮದಲ್ಲೇ ಇತ್ತು. ಕಾನೂನು ಸರಿ, ನ್ಯಾಯ ಬೇರೆ. ಟೆಕ್ಸಸ್, ಅಲಬಾಮಾ ಎರಡೂ ಒಂದೊಂದು ಸೋತಿದ್ದವು.

ಆಮೇಲೆ ಆರೆಂಜ್ ಬೌಲ್ ಎಂಬ ಋತುವಿನ ಕೊನೆಯ ಪಂದ್ಯದಲ್ಲಿ ಫ್ಲೋರಿಡಾ ಸ್ಟೇಟ್‌ನ ಹಲವು ಪ್ರಮುಖರು ಆಡಲೇ ಇಲ್ಲ. ಎದುರಾಳಿ ಜಾರ್ಜಿಯಾ 63–3ರಲ್ಲಿ ಗೆದ್ದಿತು. 2024ರಿಂದ ಪ್ಲೇಆಫ್‌ಗೆ 12 ತಂಡ, ಅದರಲ್ಲಿ ಐದು ಜಾಗ ಕಾನ್ಫರೆನ್ಸ್ ವಿಜೇತರಿಗೇ ಮೀಸಲು. ಆ ವರ್ಷ ಫ್ಲೋರಿಡಾ ಸ್ಟೇಟ್ ಗೆದ್ದದ್ದು ಎರಡು, ಸೋತದ್ದು ಹತ್ತು.