ಸೆಲ್ಟಿಕ್ಸ್ ಮತ್ತೆ ಗೆದ್ದ ವರ್ಷ

ಸಭೆಗೆ ನಮಸ್ಕಾರ.

ಒಂದು ವರ್ಷ 82 ಪಂದ್ಯಗಳಲ್ಲಿ 24ನ್ನು ಮಾತ್ರ ಗೆದ್ದ ತಂಡ ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 66ನ್ನು ಗೆದ್ದದ್ದು ಹೇಗೆ ಎಂಬುದು ಇಂದಿನ ನನ್ನ ವಿಷಯ. ತಂಡ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್, ಋತು 2007–08. ಅಲ್ಲಿಯವರೆಗೆ ಒಂದೇ ವರ್ಷದಲ್ಲಿ ಗೆಲುವುಗಳನ್ನು ಅತಿ ಹೆಚ್ಚಾಗಿ ಏರಿಸಿಕೊಂಡ ದಾಖಲೆ 1997–98ರ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ್ದಾಗಿತ್ತು. ಅವರು 36 ಗೆಲುವು ಏರಿದ್ದರೆ ಸೆಲ್ಟಿಕ್ಸ್ 42 ಏರಿದರು. ಮೂವರು ತಾರೆಗಳು ಒಂದೆಡೆ ಸೇರಿದರು, ಗೆದ್ದರು ಎಂದು ಈ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವರು ಬಹಳ ಮಂದಿ. ಅದು ಅರ್ಧ ಸತ್ಯವೆಂದು ನನ್ನ ತಿಳಿವಳಿಕೆ. ಆ ಮೂವರು ಸೇರಿದ ಮೇಲೆ ಏನನ್ನು ಬಿಟ್ಟುಕೊಟ್ಟರು, ಹಾಗೆ ಉಳಿದ ಶಕ್ತಿಯನ್ನು ಎಲ್ಲಿ ತೊಡಗಿಸಿದರು ಎಂಬುದರಲ್ಲಿ ಉಳಿದರ್ಧ ಅಡಗಿದೆ.

ಮೊದಲು ಹಿಂದಿನ ವರ್ಷವನ್ನು ನೋಡೋಣ. ಕೋಚ್ ಆಗಿ ಒಂಬತ್ತು ಪ್ರಶಸ್ತಿಗಳನ್ನು ತಂದುಕೊಟ್ಟಿದ್ದ ರೆಡ್ ಔರ್‌ಬ್ಯಾಕ್ 2006ರ ಅಕ್ಟೋಬರಿನಲ್ಲಿ, ಋತು ಆರಂಭವಾಗುವ ಹೊಸ್ತಿಲಲ್ಲೇ ತೀರಿಕೊಂಡರು. ಎಂಬತ್ತರ ದಶಕದ ತಂಡದ ಅಚ್ಚುಮೆಚ್ಚಿನ ಗಾರ್ಡ್ ಡೆನ್ನಿಸ್ ಜಾನ್ಸನ್ 2007ರ ಫೆಬ್ರವರಿಯಲ್ಲಿ ಹಠಾತ್ತನೆ ನಿಧನರಾದರು. ನಾಯಕ ಪಾಲ್ ಪಿಯರ್ಸ್ ಗಾಯಗೊಂಡು ಹೊರಗುಳಿದಿದ್ದ ಆ ಚಳಿಗಾಲದಲ್ಲಿ ತಂಡ ಸತತ 18 ಪಂದ್ಯಗಳನ್ನು ಸೋತಿತು. ಇಷ್ಟು ಸೋತದ್ದಕ್ಕೆ ಒಂದು ಸಮಾಧಾನವಾದರೂ ದೊರೆಯಬೇಕಿತ್ತು. ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಹಿಂದುಳಿದ ತಂಡಗಳಿಗೆ ಮೊದಲ ಅವಕಾಶ ಸಿಗುವ ಸಂಭವ ಹೆಚ್ಚು, ಆ ವರ್ಷದ ಡ್ರಾಫ್ಟ್‌ನಲ್ಲಿ ಎಲ್ಲ ತಂಡಗಳೂ ಬಯಸುತ್ತಿದ್ದ ಯುವ ಆಟಗಾರರಾದ ಗ್ರೆಗ್ ಓಡೆನ್ ಮತ್ತು ಕೆವಿನ್ ಡ್ಯುರಾಂಟ್ ಇದ್ದರು. ಆದರೆ ಲೀಗ್‌ನಲ್ಲಿ ಕೆಳಗಿನಿಂದ ಎರಡನೆಯದಾಗಿದ್ದ ಸೆಲ್ಟಿಕ್ಸ್‌ಗೆ ಸರದಿ ನಿರ್ಧರಿಸುವ ಲಾಟರಿಯಲ್ಲಿ ಬಂದದ್ದು ಐದನೆಯ ಸರದಿ. ಅವರಿಗೆ ಬರಬಹುದಾಗಿದ್ದ ಸರದಿಗಳಲ್ಲಿ ಅದಕ್ಕಿಂತ ಕೆಳಗಿನದು ಇರಲೇ ಇಲ್ಲ. ಕೊನೆಯ ಪ್ರಶಸ್ತಿ ಬಂದು ಆಗಲೇ ಇಪ್ಪತ್ತೊಂದು ವರ್ಷಗಳಾಗಿದ್ದವು.

ತಂಡದ ಆಡಳಿತದ ಹೊಣೆ ಹೊತ್ತಿದ್ದ ಡ್ಯಾನಿ ಐಂಜ್ ಆ ಐದನೆಯ ಸರದಿಯ ಜೊತೆಗೆ ಇಬ್ಬರು ಆಟಗಾರರನ್ನು ಸಿಯಾಟಲ್‌ಗೆ ಕೊಟ್ಟು, ದೂರದಿಂದ ಮೂರು ಅಂಕಗಳ ಎಸೆತ ಎಸೆಯುವುದರಲ್ಲಿ ಹೆಸರಾಗಿದ್ದ ರೇ ಆಲನ್ ಅವರನ್ನು ಕರೆತಂದರು. ಮಿನೆಸೋಟದ ಕೆವಿನ್ ಗಾರ್ನೆಟ್ ಮೊದಲು ಬಾಸ್ಟನ್‌ಗೆ ಬರಲು ಮನಸ್ಸು ಮಾಡಿರಲಿಲ್ಲ. ಆಲನ್ ಬಂದ ಮೇಲೆ ಅವರೂ ಒಪ್ಪಿದರು. ಜುಲೈ 31ರಂದು ಅವರೊಬ್ಬರಿಗಾಗಿ ಸೆಲ್ಟಿಕ್ಸ್ ಐವರು ಆಟಗಾರರನ್ನೂ ಡ್ರಾಫ್ಟ್‌ನ ಎರಡು ಮೊದಲ ಸುತ್ತಿನ ಸರದಿಗಳನ್ನೂ ಕೊಟ್ಟಿತು. ಮಿನೆಸೋಟದ ಪರವಾಗಿ ಆ ವ್ಯವಹಾರ ನಡೆಸಿದವರು ಹಿಂದೆ ಸೆಲ್ಟಿಕ್ಸ್‌ನಲ್ಲಿ ಐಂಜ್ ಜೊತೆಗೇ ಆಡಿದ್ದ ಕೆವಿನ್ ಮಕ್‌ಹೇಲ್ ಎಂಬ ಕಾರಣಕ್ಕೆ ಅನುಮಾನದ ಮಾತುಗಳು ಎದ್ದವು. ಆ ಅನುಮಾನವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕೊಟ್ಟದ್ದು ಸಣ್ಣದಾಗಿರಲಿಲ್ಲ. ಅವರಲ್ಲಿ ಆಲ್ ಜೆಫರ್ಸನ್ ಆಗಲೇ ಭರವಸೆಯ ಯುವ ಆಟಗಾರ. ಆದರೂ ಒಂದು ಊರಿನ ಸಂಭ್ರಮವನ್ನು ಹೇಳುವಾಗ ಇನ್ನೆರಡು ಊರುಗಳ ನಷ್ಟವನ್ನೂ ಹೇಳಬೇಕು. ಆ ಋತುವಿನಲ್ಲಿ ಮಿನೆಸೋಟ ಗೆದ್ದದ್ದು 22 ಪಂದ್ಯ, ಸಿಯಾಟಲ್ 20. ಸಿಯಾಟಲ್‌ನ ತಂಡವಂತೂ ಆ ಋತು ಮುಗಿದ ಬೇಸಿಗೆಯಲ್ಲಿ ಊರನ್ನೇ ಬಿಟ್ಟು ಒಕ್ಲಹೋಮ ಸಿಟಿಗೆ ಹೊರಟುಹೋಯಿತು.

ಪಿಯರ್ಸ್, ಆಲನ್, ಗಾರ್ನೆಟ್ ಮೂವರೂ ಮೂವತ್ತರ ಆಸುಪಾಸಿನವರು; ಮೂವರಲ್ಲಿ ಯಾರಿಗೂ ಪ್ರಶಸ್ತಿ ಒಲಿದಿರಲಿಲ್ಲ. ಹಿಂದಿನ ವರ್ಷ ಪ್ರತಿ ಪಂದ್ಯಕ್ಕೆ ಸರಾಸರಿ 25 ಅಂಕ ಗಳಿಸಿದ್ದ ಪಿಯರ್ಸ್ ಈ ವರ್ಷ 19.6ಕ್ಕೆ ಇಳಿದರು. ಆಲನ್ 26.4ರಿಂದ 17.4ಕ್ಕೆ, ಗಾರ್ನೆಟ್ 22.4ರಿಂದ 18.8ಕ್ಕೆ ಇಳಿದರು. ವೃತ್ತಿಪರ ಆಟಗಾರನ ಹೆಸರು, ಗೌರವ, ಮುಂದಿನ ಒಪ್ಪಂದದ ಮೊತ್ತ ಎಲ್ಲವೂ ಅಂಕಗಳ ಸುತ್ತಲೇ ತಿರುಗುವ ಲೀಗ್‌ನಲ್ಲಿ ಮೂವರು ಒಟ್ಟಿಗೆ ಹೀಗೆ ಇಳಿಯಲು ಸಿದ್ಧರಾದದ್ದನ್ನು ನಾನು ಆ ವರ್ಷದ ಮೊದಲ ಗೆಲುವೆಂದೇ ಎಣಿಸುತ್ತೇನೆ. ಕೋಚ್ ಡಾಕ್ ರಿವರ್ಸ್ ತಂಡಕ್ಕೆ ಆಫ್ರಿಕಾದ ‘ಉಬುಂಟು’ ಎಂಬ ಪದವನ್ನು ಕಲಿಸಿದ್ದರು. ನೀವಿರುವುದರಿಂದಲೇ ನಾನಿದ್ದೇನೆ ಎಂಬುದು ಅದರ ಭಾವ. ಋತುವಿನುದ್ದಕ್ಕೂ ಆಟಗಾರರು ಕೈಗಳನ್ನು ಒಟ್ಟುಗೂಡಿಸಿ ಆ ಪದವನ್ನೇ ಕೂಗಿ ಅಂಕಣಕ್ಕೆ ಇಳಿಯುತ್ತಿದ್ದರು.

ಉಳಿದ ಶಕ್ತಿ ಹೋದದ್ದು ರಕ್ಷಣೆಗೆ. ಇಲ್ಲಿ ಸ್ವಲ್ಪ ನಿಲ್ಲಲು ಅನುಮತಿ ಕೊಡಿ, ಏಕೆಂದರೆ ಆ ತಂಡದ ಜೀವಾಳ ಇರುವುದು ಇಲ್ಲಿ. ಆ ವರ್ಷ ಸಹಾಯಕ ಕೋಚ್ ಆಗಿ ಬಂದ ಟಾಮ್ ತಿಬೊಡೊ ರಕ್ಷಣೆಯನ್ನು ಹೊಸದಾಗಿ ಕಟ್ಟಿದರು. 2001ರಲ್ಲಿ ಎನ್‌ಬಿಎ ನಿಯಮಗಳನ್ನು ಬದಲಿಸಿ, ಎದುರಾಳಿಯ ಬೆನ್ನಿಗೆ ಅಂಟಿಕೊಳ್ಳದೆಯೂ ರಕ್ಷಣೆ ಮಾಡಲು ಅವಕಾಶ ಕೊಟ್ಟಿತ್ತು. ಆದರೆ ಪಕ್ಕದಲ್ಲಿ ಎದುರಾಳಿ ಇಲ್ಲದೆ ಬುಟ್ಟಿಯ ಮುಂದಿನ ಆಯತದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ತಿಬೊಡೊ ಆ ಮೂರು ಸೆಕೆಂಡುಗಳನ್ನು ಪೂರ್ತಿ ಬಳಸಿಕೊಂಡರು. ಚೆಂಡು ಅಂಕಣದ ಯಾವ ಬದಿಯಲ್ಲಿದೆಯೋ ಆ ಬದಿಗೆ, ಇನ್ನೊಂದು ಬದಿಯ ರಕ್ಷಕನೂ ಸರಿದು ಬಂದು ಆಯತದೊಳಗೆ ಕಾಲಿಡುತ್ತಾನೆ, ಸಮಯ ಮೀರುವ ಮುನ್ನ ಹೊರಬರುತ್ತಾನೆ, ಮತ್ತೆ ಒಳಹೋಗುತ್ತಾನೆ. ಚೆಂಡು ಹಿಡಿದವನನ್ನು ಅಂಕಣದ ನಡುವಿಗೆ ಬರಗೊಡದೆ ಅಂಚಿನ ಗೆರೆಯ ಕಡೆಗೇ ತಳ್ಳಲಾಗುತ್ತದೆ, ಏಕೆಂದರೆ ಗೆರೆಯೂ ಒಬ್ಬ ರಕ್ಷಕನಂತೆ ಅವನ ದಾರಿ ಕಟ್ಟುತ್ತದೆ. ಅವನು ಚೆಂಡನ್ನು ದೂರದ ಬದಿಗೆ ಎಸೆದರೆ, ಅದು ಗಾಳಿಯಲ್ಲಿರುವಷ್ಟು ಹೊತ್ತಿನಲ್ಲಿ ಐವರೂ ಒಟ್ಟಿಗೆ ಆ ಬದಿಗೆ ಹೊರಳಬೇಕು. ಒಬ್ಬ ಅರೆಹೆಜ್ಜೆ ತಡಮಾಡಿದರೂ ಇಡೀ ಕಟ್ಟು ಬಿಚ್ಚಿಹೋಗುತ್ತದೆ.

ಇಂಥ ರಕ್ಷಣೆಗೆ ಹಿಂದಿನಿಂದ ಎಲ್ಲವನ್ನೂ ನೋಡಿ ಕೂಗಿ ಹೇಳುವ ಒಂದು ದನಿ ಬೇಕು. ಗಾರ್ನೆಟ್ ಆ ದನಿಯಾದರು. ಶಿಳ್ಳೆ ಊದಿ ಆಟ ನಿಂತ ಮೇಲೆ ಎದುರಾಳಿ ಸುಮ್ಮನೆ ಬುಟ್ಟಿಯತ್ತ ಎಸೆದ ಚೆಂಡನ್ನೂ ಅವರು ಹಾರಿ ತಡೆಯುತ್ತಿದ್ದರು. ಲೆಕ್ಕಕ್ಕಿಲ್ಲದ ಎಸೆತವೂ ಬುಟ್ಟಿ ಸೇರಬಾರದು ಎಂಬ ಆ ಹಟ ಉಳಿದವರಿಗೂ ಹತ್ತಿತು. ಆ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಅವರಿಗೆ ಬಂತು. ಮೊದಲ ಎಂಟು ಪಂದ್ಯಗಳನ್ನೂ ಗೆದ್ದ ತಂಡ ಎದುರಾಳಿಗಳಿಗೆ ಋತುವಿನುದ್ದಕ್ಕೂ ಬಿಟ್ಟುಕೊಟ್ಟದ್ದು ಪಂದ್ಯಕ್ಕೆ ಸರಾಸರಿ 90.3 ಅಂಕ, ತಾನು ಗಳಿಸಿದ್ದು 100.5.

ಆದರೆ ಪ್ಲೇಆಫ್, ಅಂದರೆ ಏಳರಲ್ಲಿ ನಾಲ್ಕು ಪಂದ್ಯ ಮೊದಲು ಗೆದ್ದವರು ಮುಂದಿನ ಸುತ್ತಿಗೆ ಹೋಗುವ ಕೊನೆಯ ಹಂತ, ಸುಲಭವಾಗಿ ಸಾಗಲಿಲ್ಲ. ಗೆದ್ದದ್ದಕ್ಕಿಂತ ಹೆಚ್ಚು ಸೋತು ಬಂದಿದ್ದ ಅಟ್ಲಾಂಟ ಮೊದಲ ಸುತ್ತನ್ನು ಏಳನೆಯ ಪಂದ್ಯಕ್ಕೆ ಎಳೆಯಿತು. ಲೆಬ್ರಾನ್ ಜೇಮ್ಸ್ ಅವರ ಕ್ಲೀವ್‌ಲ್ಯಾಂಡ್ ಕೂಡ ಹಾಗೆಯೇ ಮಾಡಿತು. ಆ ಎರಡೂ ಸುತ್ತುಗಳಲ್ಲಿ ಪರ ಊರಿನಲ್ಲಿ ಆಡಿದ ಆರಕ್ಕೆ ಆರನ್ನೂ ಸೆಲ್ಟಿಕ್ಸ್ ಸೋತರು. ಕ್ಲೀವ್‌ಲ್ಯಾಂಡ್ ವಿರುದ್ಧದ ಏಳನೆಯ ಪಂದ್ಯದಲ್ಲಿ ಜೇಮ್ಸ್ 45 ಅಂಕ ಗಳಿಸಿದರೆ ಪಿಯರ್ಸ್ 41 ಗಳಿಸಿ, 97–92ರಲ್ಲಿ ತಂಡವನ್ನು ದಾಟಿಸಿದರು. ಡೆಟ್ರಾಯಿಟ್ ಆರು ಪಂದ್ಯಗಳಲ್ಲಿ ಮುಗಿಯಿತು.

ಫೈನಲ್‌ನಲ್ಲಿ ಎದುರಾದದ್ದು ಹಳೆಯ ಪ್ರತಿಸ್ಪರ್ಧಿ ಲಾಸ್ ಏಂಜಲೀಸ್ ಲೇಕರ್ಸ್. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅದರ ನಾಲ್ಕನೆಯ ಪಂದ್ಯ. ಲೇಕರ್ಸ್‌ನ ಅಂಗಳದಲ್ಲಿ ಮೊದಲ ಕಾಲುಭಾಗ ಮುಗಿದಾಗ ಸ್ಕೋರ್ 35–14. ಅಂತರ ಒಮ್ಮೆ 24ಕ್ಕೂ ಹೋಯಿತು. ವಿರಾಮದ ನಂತರ ಪಿಯರ್ಸ್ ಕೋಬಿ ಬ್ರಯಂಟ್ ಅವರನ್ನು ಕಾಯುವ ಕೆಲಸವನ್ನು ತಾವೇ ಕೇಳಿ ಪಡೆದರು. ತಂಡದ ಮುಖ್ಯ ಅಂಕಗಾರ ಎದುರಾಳಿಯ ಮುಖ್ಯ ಅಂಕಗಾರನ ಹಿಂದೆ ಓಡುವ ದಣಿವನ್ನು ಬೇಡಿ ಪಡೆಯುವುದು ಅಪರೂಪ. ಮೂರನೆಯ ಕಾಲುಭಾಗದಲ್ಲಿ ಲೇಕರ್ಸ್‌ಗೆ ಸಿಕ್ಕಿದ್ದು 15 ಅಂಕ, ಸೆಲ್ಟಿಕ್ಸ್‌ಗೆ 31. ಬದಲಿ ಆಟಗಾರರಾದ ಜೇಮ್ಸ್ ಪೋಸಿ ಮತ್ತು ಎಡ್ಡಿ ಹೌಸ್ ಕೊನೆಯವರೆಗೂ ಅಂಕಣದಲ್ಲಿ ಉಳಿದರು. ಆಲನ್ 48 ನಿಮಿಷಗಳಲ್ಲಿ ಒಂದು ನಿಮಿಷವೂ ಕೂರಲಿಲ್ಲ. ಪಂದ್ಯ 97–91ರಲ್ಲಿ ಬಾಸ್ಟನ್‌ಗೆ ಬಂತು.

ಐದನೆಯದನ್ನು ಸೋತು ಮನೆಗೆ ಮರಳಿದ ತಂಡ ಜೂನ್ 17ರಂದು ಆರನೆಯದನ್ನು 131–92ರಲ್ಲಿ ಗೆದ್ದು ಹದಿನೇಳನೆಯ ಪ್ರಶಸ್ತಿ ಪಡೆಯಿತು. ಫೈನಲ್‌ನ ಶ್ರೇಷ್ಠ ಆಟಗಾರ ಪಿಯರ್ಸ್. ಗಾರ್ನೆಟ್ ಮತ್ತು ಆಲನ್ ಆ ರಾತ್ರಿ ತಲಾ 26 ಅಂಕ ಗಳಿಸಿದರು. ಆದರೆ ನಿಮ್ಮ ಗಮನವನ್ನು ಇನ್ನೊಬ್ಬರ ಕಡೆಗೆ ಸೆಳೆಯಲು ಬಯಸುತ್ತೇನೆ. ಎರಡನೆಯ ವರ್ಷದ ಆಟಗಾರ ರಾಜಾನ್ ರಾಂಡೊ ಇಂಥ ತಂಡವನ್ನು ನಡೆಸಬಲ್ಲರೇ ಎಂದು ಋತುವಿನ ಆರಂಭದಲ್ಲಿ ಎಲ್ಲರೂ ಕೇಳಿದ್ದರು. ದೂರದಿಂದ ಎಸೆಯಲಾರರೆಂದು ಲೇಕರ್ಸ್ ಸರಣಿಯುದ್ದಕ್ಕೂ ಅವರ ಮುಂದೆ ಜಾಗ ಬಿಟ್ಟು ನಿಂತಿದ್ದರು. ಆ ಕೊನೆಯ ಪಂದ್ಯದಲ್ಲಿ ಅವರು ಗಳಿಸಿದ್ದು 21 ಅಂಕ, ಲೇಕರ್ಸ್ ಕೈಯಿಂದ ಕಸಿದ ಚೆಂಡುಗಳು ಆರು.